ಕಥೆ ಬೇರೆಯವರದು, ಸಿನಿಮಾ ಕಾಸರವಳ್ಳಿಯವರದು

2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ 'ಘಟಶ್ರಾದ್ಧ' ಮತ್ತೆ ತೆರೆಗೆ ಬಂತು. 1977ರ ಕಪ್ಪು ಬಿಳುಪು ಕನ್ನಡ ಚಿತ್ರ ಅದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸಿ ಶುರುಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆ ಗುಣಮಟ್ಟಕ್ಕೆ ತಂದಿದ್ದವು. ಮರುವರ್ಷ, 2025ರ ಮೇ ತಿಂಗಳಲ್ಲಿ, ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಆ ಸಂಕಲನದಲ್ಲಿರುವ 'ಕರಿ ನಾಗರಗಳು' ಕಥೆ 2004ರಲ್ಲೇ 'ಹಸೀನಾ' ಅನ್ನೋ ಸಿನಿಮಾ ಆಗಿತ್ತು. ಎರಡೂ ಚಿತ್ರಗಳ ನಿರ್ದೇಶಕರು ಗಿರೀಶ್ ಕಾಸರವಳ್ಳಿ.

ಕಾಸರವಳ್ಳಿ ಅಂದ ತಕ್ಷಣ ನಾವು ಪ್ರಶಸ್ತಿ ಎಣಿಸಲು ಕೂರುತ್ತೇವೆ. 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ': ನಾಲ್ಕು ಚಿತ್ರಗಳಿಗೆ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ. ಎಣಿಕೆ ಮುಗಿದ ಕೂಡಲೇ ಮಾತೂ ಮುಗಿಯುತ್ತದೆ. ಆ ಸಿನಿಮಾಗಳ ಒಳಗೆ ಏನಿದೆ, ಒಂದಕ್ಕೊಂದು ಏನು ಸಂಬಂಧ, ಯಾವುದನ್ನು ನೋಡಿದರೆ ಇದು ಇವರದೇ ಅಂತ ಗೊತ್ತಾಗುತ್ತದೆ ಅನ್ನೋ ಚರ್ಚೆ ನಮ್ಮಲ್ಲಿ ತುಂಬ ಕಡಿಮೆ. ಈಗ ಹೊರಗಿನವರು ಈ ಚಿತ್ರಗಳನ್ನು ಹೊಸದಾಗಿ ನೋಡುತ್ತಿದ್ದಾರೆ. ಆ ಚರ್ಚೆ ಕನ್ನಡದಲ್ಲೂ ನಡೆಯಬೇಕು.

ಇಲ್ಲಿ ಒಂದು ನಿಜವಾದ ತೊಡಕಿದೆ. ಕಾಸರವಳ್ಳಿ ಅವರ ಹೆಚ್ಚುಕಡಿಮೆ ಎಲ್ಲ ಚಿತ್ರಗಳೂ ಬೇರೆಯವರ ಕಥೆ, ಕಾದಂಬರಿಗಳನ್ನು ಆಧರಿಸಿದವು. ಯು.ಆರ್. ಅನಂತಮೂರ್ತಿ, ಯಶವಂತ ಚಿತ್ತಾಲ, ಪೂರ್ಣಚಂದ್ರ ತೇಜಸ್ವಿ, ನಾ. ಡಿಸೋಜ, ಎಸ್.ಎಲ್. ಭೈರಪ್ಪ, ವೈದೇಹಿ, ಬಾನು ಮುಷ್ತಾಕ್, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ, ಜಯಂತ ಕಾಯ್ಕಿಣಿ. ಇವರೆಲ್ಲ ಒಂದೇ ದಾರಿಯವರಲ್ಲ. ಅನಂತಮೂರ್ತಿ ಮತ್ತು ಭೈರಪ್ಪ ದಶಕಗಳ ಕಾಲ ಎದುರುಬದುರು ನಿಂತು ವಾದ ಮಾಡಿದವರು. ಚಿತ್ತಾಲರ ಲೋಕಕ್ಕೂ ಕುಂವೀ ಲೋಕಕ್ಕೂ ಅಜಗಜಾಂತರ. ಇಷ್ಟು ಬೇರೆ ಬೇರೆ ಮನೆಗಳಿಂದ ಕಥೆ ತಂದವರನ್ನು ಸ್ವಂತ ಲೋಕವಿರುವ ನಿರ್ದೇಶಕ ಅಂತ ಹೇಗೆ ಕರೆಯೋದು?

ನಿರ್ದೇಶಕನೇ ಸಿನಿಮಾದ ಕರ್ತೃ ಅನ್ನೋ ವಾದ ಹುಟ್ಟಿದ್ದೇ ಕಾದಂಬರಿ ಆಧರಿಸಿದ ಸಿನಿಮಾಗಳ ಮೇಲಿನ ಸಿಟ್ಟಿನಿಂದ. 1954ರಲ್ಲಿ ಫ್ರಾನ್ಸ್‌ನ 'ಕಾಯೆ ದು ಸಿನೆಮಾ' ಪತ್ರಿಕೆಯಲ್ಲಿ, ಮುಂದೆ ನಿರ್ದೇಶಕರಾದ ಫ್ರಾನ್ಸ್ವಾ ತ್ರುಫೋ ಒಂದು ಲೇಖನ ಬರೆದರು. ಆಗ ಅವರಿಗೆ 21 ವರ್ಷ. ದೊಡ್ಡ ಲೇಖಕರ ಪುಸ್ತಕ ತೆಗೆದುಕೊಂಡು, ನುರಿತ ಚಿತ್ರಕಥೆಗಾರರಿಂದ ಬರೆಸಿ, ಅದಕ್ಕೆ ಅಚ್ಚುಕಟ್ಟಾದ ಚಿತ್ರ ಜೋಡಿಸುವ ಫ್ರೆಂಚ್ ಸಿನಿಮಾವನ್ನು ಅವರು ಅದರಲ್ಲಿ ಝಾಡಿಸಿದರು. ಇಂಥ ಸಿನಿಮಾದಲ್ಲಿ ಬರಹಗಾರ ಇರುತ್ತಾನೆ, ನಿರ್ದೇಶಕ ಇರುವುದಿಲ್ಲ ಅನ್ನೋದು ಅವರ ದೂರು. ಅಲ್ಲಿಂದ ಬೆಳೆದ ವಿಚಾರ ಇಡೀ ಜಗತ್ತಿಗೆ ಹಬ್ಬಿತು. ಆ ಅಳತೆಗೋಲು ಹಿಡಿದರೆ ಕಾಸರವಳ್ಳಿ ಅನುಮಾನಕ್ಕೆ ಗುರಿಯಾಗಬೇಕಿತ್ತು.

ನನ್ನ ವಾದ ಇದು. ಕಾಸರವಳ್ಳಿ ಅವರ ರುಜು ಕಾಣುವುದು ಅವರು ಆಯ್ದ ಕಥೆಗಿಂತ ಜಾಸ್ತಿ, ಆ ಕಥೆಯಲ್ಲಿ ಅವರು ಸರಿಸಿದ ಜಾಗದಲ್ಲಿ. ಯಾರ ಕಣ್ಣಿಂದ ನೋಡಬೇಕು, ಯಾವ ವಸ್ತುವನ್ನು ನಡುವೆ ಇಡಬೇಕು, ಯಾವ ಪ್ರಶ್ನೆಗೆ ಉತ್ತರ ಕೊಡದೆ ಬಿಡಬೇಕು ಅನ್ನೋದನ್ನು ಅವರು ಪ್ರತಿಸಲ ಹೊಸದಾಗಿ ತೀರ್ಮಾನಿಸುತ್ತಾರೆ. ಮತ್ತು ಬೇರೆ ಬೇರೆ ಲೇಖಕರ ಕಥೆಗಳಲ್ಲೂ ಆ ಸರಿಸುವಿಕೆ ಒಂದೇ ದಿಕ್ಕಿಗೆ ಇರುತ್ತದೆ.

ಇದಕ್ಕೆ ಅತಿ ಒಳ್ಳೆಯ ಉದಾಹರಣೆ 'ಗುಲಾಬಿ ಟಾಕೀಸು' (2008). ವೈದೇಹಿ ಅವರ ಕಥೆಯಲ್ಲಿ ಒಂದು ಸಣ್ಣ ಊರಿಗೆ ಟಾಕೀಸು ಬರುತ್ತದೆ. ಅಲ್ಲಿನ ಹೆಂಗಸರ ಬದುಕಿನಲ್ಲಿ ಸಣ್ಣ ಅಲೆಗಳು ಏಳುತ್ತವೆ. ಸೂಲಗಿತ್ತಿ ಲಿಲ್ಲಿಬಾಯಿ ಆ ಕಥೆಯ ಜೀವ. ಸಿನಿಮಾದಲ್ಲಿ ಟಾಕೀಸಿನ ಜಾಗಕ್ಕೆ ಟಿವಿ ಬಂತು. ಕಾಲ ಕಾರ್ಗಿಲ್ ಯುದ್ಧದ ಆಸುಪಾಸಿಗೆ, ಅಂದರೆ 1999ರ ಹೊತ್ತಿಗೆ ಸರಿಯಿತು. ಜಾಗ ಕುಂದಾಪುರದ ಕಡೆಯ ಮೀನುಗಾರರ ಕುದ್ರು, ಅಂದರೆ ಸಣ್ಣ ದ್ವೀಪ. ಸೂಲಗಿತ್ತಿ ಈಗ ಗುಲಾಬಿ ಅನ್ನೋ ಮುಸ್ಲಿಂ ಹೆಂಗಸು, ಗಂಡ ಬಿಟ್ಟುಹೋದವಳು, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳ ಗುಡಿಸಲಿಗೆ ಟಿವಿ ಮತ್ತು ಡಿಶ್ ಬರುತ್ತವೆ.

ಈ ಬದಲಾವಣೆ ಏನು ಮಾಡಿತು ನೋಡಿ. ಟಾಕೀಸು ಎಲ್ಲರದು. ದುಡ್ಡು ಕೊಟ್ಟವರು ಒಳಗೆ ಕೂರಬಹುದು. ಟಿವಿ ಇರುವುದು ಒಬ್ಬಳ ಮನೆಯಲ್ಲಿ. ಅದನ್ನು ನೋಡಬೇಕಾದರೆ ಅವಳ ಹೊಸಿಲು ದಾಟಬೇಕು. ಕೆಲವು ಹೆಂಗಸರು ಒಳಗೆ ಬಂದು ಕೂರುತ್ತಾರೆ. ಕೆಲವರು ಬಾಗಿಲ ಹೊರಗೇ ನಿಂತು ನೋಡುತ್ತಾರೆ. ಯಾರು ಎಲ್ಲಿ ನಿಂತರು ಅನ್ನೋದರಲ್ಲೇ ಆ ಊರಿನ ಜಾತಿ, ಧರ್ಮ, ಆಸೆ, ಭಯ ಎಲ್ಲ ಕಾಣುತ್ತದೆ. ಒಂದು ಡೈಲಾಗೂ ಬೇಕಾಗುವುದಿಲ್ಲ. ಅದೇ ಪೆಟ್ಟಿಗೆಯೊಳಗಿಂದ ಯುದ್ಧದ ಸುದ್ದಿ ಬರುತ್ತದೆ. ಅದೇ ಹೊತ್ತಿಗೆ ಊರಿನಲ್ಲಿ ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನವರಿಗೂ ಜಗಳ ಹತ್ತಿರುತ್ತದೆ. ಹೊಟ್ಟೆಪಾಡಿನ ಜಗಳ ಮೆಲ್ಲಗೆ ಧರ್ಮದ ಜಗಳವಾಗುತ್ತದೆ. ಗುಲಾಬಿಗೆ ಇವು ಯಾವುದರಲ್ಲೂ ಕೈಯಿಲ್ಲ. ಆದರೂ ಊರು ಬಿಡಬೇಕಾದವಳು ಅವಳೇ. ಹೆಂಗಸರನ್ನು ಒಂದು ಕಡೆ ಸೇರಿಸಿದ ವಸ್ತುವೇ ಅವಳನ್ನು ಎಲ್ಲರ ಕಣ್ಣಿಗೆ ಬೀಳಿಸಿತು.

ವೈದೇಹಿ ಅವರ ಕಥೆಯ ನಗು, ತುಂಟತನ ಸಿನಿಮಾದಲ್ಲಿ ಕಡಿಮೆಯಾಯಿತು ಅನ್ನೋ ಓದುಗರಿದ್ದಾರೆ. ಅದು ನಿಜ. ಆದರೆ ಕಥೆಯ ಮೂಲ ಪ್ರಶ್ನೆ, ಹೊಸದೊಂದು ಯಂತ್ರ ಊರಿಗೆ ಬಂದಾಗ ಹೆಂಗಸರ ಲೋಕ ಏನಾಗುತ್ತದೆ ಅನ್ನೋದು, ಹಾಗೇ ಉಳಿಯಿತು. ಅದನ್ನು ಅವರು ತಮ್ಮ ಕಾಲಕ್ಕೆ ಕೇಳಿದರು. ಕಥೆಯನ್ನು ಹಾಗೇ ಪರದೆಗೆ ಇಳಿಸಿದ್ದರೆ ಒಂದು ಸುಂದರ ಹಳೆಕಾಲದ ಸಿನಿಮಾ ಸಿಗುತ್ತಿತ್ತು, ಅಷ್ಟೆ.

'ನಾಯಿ ನೆರಳು' (2006) ಇನ್ನೂ ದಿಟ್ಟ ಕೆಲಸ. ಭೈರಪ್ಪನವರ ಕಾದಂಬರಿ ಪುನರ್ಜನ್ಮದ ಮೇಲೆ ನಿಂತದ್ದು. ಸತ್ತ ಮಗ ಬೇರೊಂದು ಊರಿನಲ್ಲಿ ಮತ್ತೆ ಹುಟ್ಟಿದ್ದಾನೆ ಅನ್ನೋ ಸುದ್ದಿ ಬರುತ್ತದೆ. ಹೆತ್ತವರು ಆ ಹುಡುಗನನ್ನು ಮನೆಗೆ ಕರೆತರುತ್ತಾರೆ. ಆದರೆ ಆ ಮನೆಯಲ್ಲಿ ಸತ್ತವನ ಹೆಂಡತಿ ಇದ್ದಾಳೆ. ವಿಧವೆಯಾಗಿ ವರ್ಷಗಟ್ಟಲೆ ಬದುಕಿದವಳು. ಅವಳಿಗೆ ಬೆಳೆದ ಮಗಳಿದ್ದಾಳೆ. ಈಗ ತನಗಿಂತ ಎಷ್ಟೋ ಚಿಕ್ಕವನಾದ ಹುಡುಗನನ್ನು ಅವಳು ಗಂಡ ಅಂತ ಒಪ್ಪಬೇಕು. ಪುನರ್ಜನ್ಮ ನಿಜವೋ ಸುಳ್ಳೋ ಅನ್ನೋ ಪ್ರಶ್ನೆಗೆ ಸಿನಿಮಾ ಉತ್ತರ ಕೊಡುವುದಿಲ್ಲ. ಅದು ಕೇಳುವುದೇ ಬೇರೆ. ಹೆತ್ತವರಿಗೆ ಮಗ ಬೇಕು, ಊರಿಗೆ ಪವಾಡ ಬೇಕು, ಮಗಳಿಗೆ ಮರ್ಯಾದೆ ಬೇಕು. ಈ ಹೆಂಗಸಿಗೆ ಏನು ಬೇಕು ಅಂತ ಯಾರಾದರೂ ಕೇಳಿದರಾ? ಅವಳು ಒಪ್ಪಿಕೊಂಡದ್ದು ನಂಬಿಕೆಯಿಂದಲೋ, ಬಯಕೆಯಿಂದಲೋ, ಹಿರಿಯರ ಒತ್ತಾಯದಿಂದಲೋ? ಮೂರೂ ಇರಬಹುದು. ಕಾದಂಬರಿಯ ತತ್ವ ಚರ್ಚೆಯನ್ನು ಬದಿಗಿಟ್ಟು ಒಬ್ಬ ಹೆಂಗಸಿನ ಮುಖವನ್ನು ನಡುವೆ ತಂದ ಈ ನಡೆ ನನಗೆ ತುಂಬ ಇಷ್ಟ. ಲೇಖಕರನ್ನು ಗೌರವಿಸುತ್ತಲೇ ಅವರ ಜೊತೆ ವಾದ ಮಾಡುವುದು ಸುಲಭವಲ್ಲ.

'ಹಸೀನಾ'ದಲ್ಲಿ ಹೆಸರೇ ಬದಲಾಯಿತು. ಗಂಡ ಬಿಟ್ಟ ತಾಯಿಯೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಆಡಳಿತ ನೋಡುವ ಮುತವಲ್ಲಿ ಹತ್ತಿರ ನ್ಯಾಯ ಕೇಳುವ ಕಥೆ ಅದು. ಮೂಲ ಕಥೆಯ ಹೆಸರಿನಲ್ಲಿ ಹಾವುಗಳಿದ್ದವು. ಸಿನಿಮಾ ಅವಳ ಹೆಸರನ್ನೇ ಇಟ್ಟುಕೊಂಡಿತು. 

ಹೀಗೆ ಸರಿಸುವಾಗ ಅವರು ಯಾವ ಕಡೆ ಸರಿಸುತ್ತಾರೆ ಅನ್ನೋದು ಈಗ ಸ್ವಲ್ಪ ಸ್ಪಷ್ಟವಾಗುತ್ತದೆ. ಅವರ ಎಲ್ಲ ಚಿತ್ರಗಳಲ್ಲೂ ಒಂದು ವ್ಯವಸ್ಥೆ ಇರುತ್ತದೆ. 'ಘಟಶ್ರಾದ್ಧ'ದಲ್ಲಿ ಅಗ್ರಹಾರ, 'ತಬರನ ಕಥೆ'ಯಲ್ಲಿ ಸರ್ಕಾರಿ ಕಚೇರಿ, 'ದ್ವೀಪ'ದಲ್ಲಿ ಅಣೆಕಟ್ಟು, 'ಹಸೀನಾ'ದಲ್ಲಿ ಜಮಾತು, 'ಕನಸೆಂಬೋ ಕುದುರೆಯನೇರಿ'ಯಲ್ಲಿ ಗೌಡರ ಮನೆ, 'ಕೂರ್ಮಾವತಾರ'ದಲ್ಲಿ ಟಿವಿ ಧಾರಾವಾಹಿ. ಅದರ ಅಂಚಿನಲ್ಲಿ ಒಬ್ಬ ವ್ಯಕ್ತಿ. ಅವನೋ ಅವಳೋ ಆ ವ್ಯವಸ್ಥೆಯನ್ನು ವಿರೋಧಿಸಲು ಹೊರಟವರಲ್ಲ. ಅದನ್ನು ನಂಬಿದವರು. ನಂಬಿಕೆಯಿಂದಲೇ ಅವರಿಗೆ ಏಟು ಬೀಳುತ್ತದೆ.

ತಬರ ಶೆಟ್ಟಿಯನ್ನೇ ತೆಗೆದುಕೊಳ್ಳಿ. ತೇಜಸ್ವಿ ಅವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ ಈ ಕಥೆ ಇದೆ. ತಬರ ಬ್ರಿಟಿಷರ ಕಾಲದಿಂದ ಸರ್ಕಾರಿ ಕೆಲಸ ಮಾಡಿದವನು. ಸರ್ಕಾರದ ಮೇಲೆ ಅವನಿಗೆ ದೇವರ ಮೇಲಿರುವಷ್ಟು ಭಕ್ತಿ. ಸ್ವಾತಂತ್ರ್ಯ ಬಂದ ಮೇಲೂ ಅದು ಹಾಗೇ ಇದೆ. ಅವನನ್ನು ಕಾಫಿ ತೆರಿಗೆ ವಸೂಲಿಗೆ ಹಾಕುತ್ತಾರೆ. ದೊಡ್ಡ ಕುಳಗಳು ತೆರಿಗೆ ಕೊಡುವುದಿಲ್ಲ. ಲೆಕ್ಕ ತಾಳೆಯಾಗುವುದಿಲ್ಲ. ನಿವೃತ್ತಿಯಾದಾಗ ಆ ಬಾಕಿ ಇವನ ತಲೆಗೆ ಬರುತ್ತದೆ, ಪಿಂಚಣಿ ನಿಲ್ಲುತ್ತದೆ. ಇತ್ತ ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಕಾಲು ತೆಗೆಸಬೇಕು, ಕೈಯಲ್ಲಿ ದುಡ್ಡಿಲ್ಲ. ಒಂದು ಘಟ್ಟದಲ್ಲಿ ಅವನು ಕಟುಕನ ಹತ್ತಿರ ಹೋಗಿ ಹೆಂಡತಿಯ ಕಾಲು ಕಡಿದುಕೊಡು ಅಂತ ಕೇಳುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಈ ಚಿತ್ರದಲ್ಲಿ ಖಳನಾಯಕನಿಲ್ಲ. ಲಂಚ ಕೇಳಿ ಮೀಸೆ ತಿರುವುವ ಅಧಿಕಾರಿ ಸಿಗುವುದಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಟೇಬಲ್ಲಿನ ಮಟ್ಟಿಗೆ ಸರಿಯಾಗೇ ಇದ್ದಾನೆ. ಈ ಕಾಗದ ಬೇಕು, ಆ ಸಹಿ ಬೇಕು, ನಾಳೆ ಬಾ. ಫೈಲು ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋಗುತ್ತದೆ, ಅಪ್ಪಿಯ ಕಾಲು ಕೊಳೆಯುತ್ತಾ ಹೋಗುತ್ತದೆ. ಕೆಟ್ಟವನೊಬ್ಬ ಇದ್ದಿದ್ದರೆ ನಮಗೆ ಬೈಯಲು ಒಬ್ಬ ಸಿಗುತ್ತಿದ್ದ, ಸಿಟ್ಟು ತೀರಿಸಿಕೊಂಡು ಮನೆಗೆ ಹೋಗಬಹುದಿತ್ತು. ಕಾಸರವಳ್ಳಿ ಆ ಸಮಾಧಾನ ಕೊಡುವುದಿಲ್ಲ. ಜನಪ್ರಿಯ ಸಿನಿಮಾಕ್ಕೂ ಇವರ ಸಿನಿಮಾಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು ಅಂತ ನಾನು ನಂಬಿದ್ದೇನೆ. ಹಾಡು, ಫೈಟು ಇಲ್ಲದಿರುವುದು ಅದರ ಮುಂದೆ ಸಣ್ಣ ವಿಷಯ.

'ಘಟಶ್ರಾದ್ಧ'ದಲ್ಲಿ ಇದೇ ಕೆಲಸವನ್ನು ಒಬ್ಬ ಹುಡುಗನ ಕಣ್ಣು ಮಾಡುತ್ತದೆ. ವೇದ ಪಾಠಶಾಲೆಗೆ ಹೊಸದಾಗಿ ಬಂದ ನಾಣಿ ಚಿಕ್ಕವನು. ದೊಡ್ಡ ಹುಡುಗರ ಕಾಟ, ಮನೆಯ ನೆನಪು, ಕತ್ತಲ ಭಯ. ಅಲ್ಲಿ ಅವನಿಗೆ ಅಕ್ಕರೆ ತೋರಿಸುವವಳು ಗುರುಗಳ ವಿಧವೆ ಮಗಳು ಯಮುನಕ್ಕ ಒಬ್ಬಳೇ. ಅವಳು ಬಸುರಾದದ್ದು, ಬಸುರು ತೆಗೆಸಿಕೊಂಡದ್ದು, ಊರೆಲ್ಲ ಅವಳ ವಿರುದ್ಧ ನಿಂತದ್ದು ಎಲ್ಲವೂ ನಾಣಿಗೆ ಅರ್ಧಂಬರ್ಧ ಗೊತ್ತಾಗುತ್ತದೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡಿ ಅವಳನ್ನು ಹೊರಗೆ ಹಾಕುತ್ತಾನೆ. ಹುಡುಗನಿಗೆ ಶಾಸ್ತ್ರ ಗೊತ್ತಿಲ್ಲ, ತೀರ್ಪು ಹೇಳಲು ಬರುವುದಿಲ್ಲ. ಅವನಿಗೆ ಗೊತ್ತಿರುವುದು ಯಮುನಕ್ಕ ಒಳ್ಳೆಯವಳು ಅನ್ನೋದಷ್ಟೇ. ಅಷ್ಟೇ ಸಾಕು. ದೊಡ್ಡವರ ಧರ್ಮಶಾಸ್ತ್ರವೆಲ್ಲ ಅವನ ಕಣ್ಣೆದುರು ಸಣ್ಣದಾಗಿ ಕಾಣುತ್ತದೆ. ಇದು ಮೊದಲ ಚಿತ್ರ, ತೆಗೆದಾಗ ನಿರ್ದೇಶಕರಿಗೆ ಇನ್ನೂ 27 ತುಂಬಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಹುಡುಗ, ಮಣಿಪಾಲದಲ್ಲಿ ಫಾರ್ಮಸಿ ಓದಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಮುಗಿಸಿ, 'ಚೋಮನ ದುಡಿ'ಯಲ್ಲಿ ಬಿ.ವಿ. ಕಾರಂತರ ಜೊತೆ ಕೆಲಸ ಮಾಡಿ ಬಂದಿದ್ದರು. ಆ ಕಾರಂತರೇ 'ಘಟಶ್ರಾದ್ಧ'ಕ್ಕೆ ಸಂಗೀತ ಕೊಟ್ಟರು. ಎಸ್. ರಾಮಚಂದ್ರ ಅವರ ಕ್ಯಾಮರಾ. ರಾತ್ರಿ, ಕಾಡು, ತಮಟೆ ಸದ್ದು ಸೇರುವ ಆ ಭಾಗ ಇವತ್ತಿಗೂ ಮೈ ನಡುಗಿಸುತ್ತದೆ.

ಇನ್ನೊಂದು ವಿಷಯ ಪದೇ ಪದೇ ಬರುತ್ತದೆ: ಮನೆ. ನೆಲೆ ಕಳೆದುಕೊಳ್ಳುವುದು ಅವರ ಸಿನಿಮಾದ ದೊಡ್ಡ ಭಯ. ಯಮುನಕ್ಕನನ್ನು ಮನೆಯಿಂದ ತೆಗೆದರು, ಗುಲಾಬಿಯನ್ನು ಕುದ್ರುವಿನಿಂದ ಕಳಿಸಿದರು. 'ಮನೆ' (1990) ಚಿತ್ರದಲ್ಲಿ ಹೊಸದಾಗಿ ನಗರಕ್ಕೆ ಬಂದ ಗಂಡಹೆಂಡತಿಗೆ ಬಾಡಿಗೆ ಕೋಣೆ ಸಿಗುತ್ತದೆ, ನೆಮ್ಮದಿ ಸಿಗುವುದಿಲ್ಲ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ನಟಿಸಿದ ಚಿತ್ರ ಅದು. ಪಕ್ಕದ ಶೆಡ್ಡಿನ ಯಂತ್ರದ ಸದ್ದು ರಾತ್ರಿಯೆಲ್ಲ ಗೋಡೆ ತೂರಿ ಬರುತ್ತದೆ. 'ತಾಯಿ ಸಾಹೇಬ'ದ ನರ್ಮದಾ ತಾಯಿ ಉತ್ತರ ಕರ್ನಾಟಕದ ದೊಡ್ಡ ವಾಡೆಯಲ್ಲಿ ಇದ್ದಾಳೆ. ಸ್ವಾತಂತ್ರ್ಯ ಚಳವಳಿ, ಹೊಸ ಸರ್ಕಾರ, ಹೊಸ ಕಾನೂನು ಎಲ್ಲವೂ ಅವಳಿಗೆ ಸುದ್ದಿಯಾಗಿ ಒಳಗೆ ಬರುತ್ತವೆ. ದೇಶದ ಬಿಡುಗಡೆಗೆ ಗಂಡ ಹೊರಗೆ ಓಡಾಡುತ್ತಾನೆ, ಒಳಗೆ ಅವಳಿಗೆ ಬಿಡುಗಡೆಯಿಲ್ಲ. ಬಹಳ ಆಮೇಲೆ ಬಂದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯ (2020) ಹುಡುಗ ಎರಡು ಮನೆಗಳ ನಡುವೆ ಸಿಕ್ಕಿ ಎರಡಕ್ಕೂ ಸಲ್ಲದವನಾಗುತ್ತಾನೆ.

'ದ್ವೀಪ'ದಲ್ಲಿ ಈ ಮಾತು ತುತ್ತತುದಿಗೆ ಹೋಗುತ್ತದೆ. ನಾ. ಡಿಸೋಜ ಶರಾವತಿ ಯೋಜನೆಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಮಲೆನಾಡಿನಲ್ಲಿ ಮುಳುಗಡೆ ಅಂದರೆ ಸಾಕು, ಎಷ್ಟೋ ಕುಟುಂಬಗಳ ಇತಿಹಾಸ ಎದ್ದು ಬರುತ್ತದೆ. ಹಿನ್ನೀರು ಏರುತ್ತಿದೆ, ಊರಿನವರೆಲ್ಲ ಪರಿಹಾರ ತೆಗೆದುಕೊಂಡು ಗುಡ್ಡ ಇಳಿದು ಹೋಗಿದ್ದಾರೆ. ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿದಿದ್ದಾರೆ. ಗುಡ್ಡದ ಸುತ್ತ ನೀರು, ಮೇಲಿಂದ ಮಳೆ. ಮಳೆಗಾಲದ ಆ ಮಂಕು ಬೆಳಕನ್ನು ಎಚ್.ಎಂ. ರಾಮಚಂದ್ರ ಅವರು ಹಿಡಿದ ರೀತಿಗೆ ರಾಷ್ಟ್ರಪ್ರಶಸ್ತಿ ಬಂತು. ಇಡೀ ಚಿತ್ರದಲ್ಲಿ ಬಿಸಿಲು ಕಾಣುವುದೇ ಅಪರೂಪ. ಹಸಿರು ಎಷ್ಟು ಚಂದವೋ ಅಷ್ಟೇ ಉಸಿರು ಕಟ್ಟಿಸುತ್ತದೆ. ನಾಗಿ ಬೆಂಕಿ ಆರದಂತೆ ನೋಡಿಕೊಳ್ಳುತ್ತಾಳೆ, ದೋಣಿ ಹೊರಡಿಸುತ್ತಾಳೆ, ಹುಲಿಯ ಭಯದ ರಾತ್ರಿ ಎದೆಗೊಟ್ಟು ನಿಲ್ಲುತ್ತಾಳೆ. ನೀರು ಇಳಿದ ಮೇಲೆ ಗಣಪ ಎಲ್ಲದಕ್ಕೂ ದೇವರನ್ನು ನೆನೆಯುತ್ತಾನೆ. ನಾಗಿಯ ದುಡಿಮೆ ಅವನ ಲೆಕ್ಕಕ್ಕೆ ಬರುವುದಿಲ್ಲ. ಅಣೆಕಟ್ಟಿನಿಂದ ಮುಳುಗಿದ್ದು ಒಂದು, ಮನೆಯೊಳಗೇ ಮುಳುಗಿಹೋದದ್ದು ಇನ್ನೊಂದು. ಅಭಿವೃದ್ಧಿಯ ವಿರುದ್ಧ ಘೋಷಣೆ ಕೂಗುವ ಚಿತ್ರವಾಗಿದ್ದರೆ ಈ ಎರಡನೆಯದು ಕಾಣುತ್ತಲೇ ಇರಲಿಲ್ಲ.

ಶೈಲಿ ಅಂತ ಕೇಳಿದರೆ ಇಲ್ಲಿಂದಲೇ ಹೇಳಬೇಕು. ಅವರ ಕ್ಯಾಮರಾ ಮನುಷ್ಯರಿಂದ ಸ್ವಲ್ಪ ದೂರ ನಿಲ್ಲುತ್ತದೆ. ಸುಮ್ನೆ ಮುಖಕ್ಕೆ ನುಗ್ಗುವುದಿಲ್ಲ. ಅಳುವವರ ಕ್ಲೋಸಪ್ ತೋರಿಸಿ ನಮ್ಮಿಂದ ಕಣ್ಣೀರು ವಸೂಲಿ ಮಾಡುವುದಿಲ್ಲ. ಶಾಟ್ ಉದ್ದವಾಗಿರುತ್ತದೆ, ಒಂದೇ ಚೌಕಟ್ಟಿನಲ್ಲಿ ಮುಂದೊಬ್ಬರು ಹಿಂದೊಬ್ಬರು ಇರುತ್ತಾರೆ, ಬಾಗಿಲು ಕಿಟಕಿಗಳು ಅವರನ್ನು ಬೇರೆ ಮಾಡುತ್ತವೆ. ಯಾರನ್ನು ನೋಡಬೇಕು ಅನ್ನೋದು ನಮಗೆ ಬಿಟ್ಟದ್ದು. ನಿಧಾನ ಅಂತ ಬೇಸರಪಡುವವರು ಒಂದು ಸಲ ಹೀಗೆ ನೋಡಿ: ಹಿಂದೆ ನಿಂತವರು ಏನು ಮಾಡುತ್ತಿದ್ದಾರೆ ಅಂತ ಗಮನಿಸಿ. ದೃಶ್ಯ ಅಲ್ಲೇ ನಡೆಯುತ್ತಿರುತ್ತದೆ.

ಭಾಷೆಯ ವಿಷಯದಲ್ಲೂ ಅಷ್ಟೇ ಎಚ್ಚರ. ಗುಲಾಬಿಯ ಊರಿನವರು ಕುಂದಾಪ್ರ ಕನ್ನಡ ಆಡುತ್ತಾರೆ. ನರ್ಮದಾ ತಾಯಿಯ ವಾಡೆಯಲ್ಲಿ ಉತ್ತರ ಕರ್ನಾಟಕದ ಮಾತು. ಜನಪ್ರಿಯ ಸಿನಿಮಾದಲ್ಲಿ ಬಹುಕಾಲ ಈ ಮಾತುಗಳು ನಗಿಸಲಿಕ್ಕೆ ಬರುತ್ತಿದ್ದವು. ಇಲ್ಲಿ ಅವು ಬದುಕಿನ ಮಾತು.

ಕಾಲವನ್ನು ಅವರು ಮುರಿದು ಜೋಡಿಸಿದ್ದು 'ಕನಸೆಂಬೋ ಕುದುರೆಯನೇರಿ'ಯಲ್ಲಿ (2010). ನುಗಡೋಣಿ ಅವರ 'ಸವಾರಿ' ಕಥೆ ಆಧರಿಸಿದ ಚಿತ್ರ. ಗುಂಡಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಸಾವು ಖಚಿತ. ಒಮ್ಮೆ ಕನಸು ಬೀಳುತ್ತದೆ, ಸಾವಿನ ಸುದ್ದಿ ಮಾತ್ರ ಬರುವುದಿಲ್ಲ. ಕನಸು ಸುಳ್ಳಾಯಿತೇ ಅಂತ ಅವನು ಕುಸಿಯುತ್ತಾನೆ. ಆಮೇಲೆ ಚಿತ್ರ ಹಿಂದಕ್ಕೆ ಹೋಗಿ ಅದೇ ಹೊತ್ತನ್ನು ಗೌಡರ ಮನೆಯ ಒಳಗಿನಿಂದ ತೋರಿಸುತ್ತದೆ. ಅಲ್ಲಿ ಸಾವನ್ನು ಮುಚ್ಚಿಟ್ಟಿದ್ದಾರೆ, ಆಸ್ತಿಯ ಲೆಕ್ಕಾಚಾರಕ್ಕಾಗಿ. ಬಡವನ ಕನಸು ನಿಜ, ದೊಡ್ಡ ಮನೆಯ ಸುದ್ದಿ ಸುಳ್ಳು. ಕಥೆ ಹೇಳುವ ಕ್ರಮವೇ ಇಲ್ಲಿ ಅರ್ಥ ಕೊಡುತ್ತದೆ.

ಈರ್ಯಾನಾಗಿ ನಟಿಸಿದ್ದು ವೈಜನಾಥ ಬಿರಾದಾರ್. ನಮಗೆ ಅವರು ಗೊತ್ತಿದ್ದದ್ದು ಎರಡು ನಿಮಿಷದ ಕಾಮಿಡಿ ದೃಶ್ಯಗಳ ಭಿಕ್ಷುಕನಾಗಿ, ಕುಡುಕನಾಗಿ. ಕಾಸರವಳ್ಳಿ ಅವರ ಈ ಆಯ್ಕೆಯನ್ನು ನಾನು ಅವರ ಶೈಲಿಯ ಭಾಗ ಅಂತಲೇ ನೋಡುತ್ತೇನೆ. ಉಮಾಶ್ರೀ ಅವರನ್ನು ಕನ್ನಡ ಚಿತ್ರರಂಗ ವರ್ಷಗಟ್ಟಲೆ ದ್ವಂದ್ವಾರ್ಥದ ಹಾಸ್ಯಕ್ಕೆ ಕಟ್ಟಿಹಾಕಿತ್ತು. ಗುಲಾಬಿಯ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಸೀನಾ ಪಾತ್ರಕ್ಕೆ ತಾರಾ ಅವರಿಗೆ ಬಂತು, ತಬರನಿಗೆ ಚಾರುಹಾಸನ್ ಅವರಿಗೆ ಬಂತು. ಜನಪ್ರಿಯ ಸಿನಿಮಾದ ನಟರನ್ನು ಬೇಡ ಅನ್ನದೆ, ಅವರಿಂದ ರೂಢಿಯ ನಟನೆಯನ್ನೆಲ್ಲ ಬಿಡಿಸಿ, ಒಳಗೆ ಉಳಿದದ್ದನ್ನು ಅವರು ಪರದೆಗೆ ತಂದರು. ಇನ್ನೊಂದು ಮುಖ್ಯ ಸಂಗತಿ: 'ತಾಯಿ ಸಾಹೇಬ'ಕ್ಕೆ ಹಣ ಹಾಕಿದವರು ನಟಿ ಜಯಮಾಲಾ. 'ದ್ವೀಪ'ಕ್ಕೆ ಹಣ ಹಾಕಿದವರು ನಟಿ ಸೌಂದರ್ಯ. ತೆಲುಗಿನಲ್ಲಿ ದೊಡ್ಡ ತಾರೆಯಾಗಿದ್ದಾಗ ಸೌಂದರ್ಯ ಈ ಕೆಲಸ ಮಾಡಿದರು. 2004ರ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ತಮಗೆ ಬೇಕಾದ ಪಾತ್ರಕ್ಕಾಗಿ ನಟಿಯರೇ ನಿರ್ಮಾಪಕರಾಗಬೇಕಾಯಿತು ಅನ್ನೋದು ನಮ್ಮ ಚಿತ್ರರಂಗದ ಬಗ್ಗೆ ಬಹಳ ಹೇಳುತ್ತದೆ, ಅಲ್ವಾ?

ಎಲ್ಲ ಚಿತ್ರಗಳೂ ಒಂದೇ ಎತ್ತರದಲ್ಲಿವೆ ಅಂತ ನಾನು ಹೇಳಲಾರೆ. 'ಕೂರ್ಮಾವತಾರ' (2011) ನೋಡಿ. ಗಾಂಧಿಯನ್ನು ಹೋಲುವ ಸರ್ಕಾರಿ ನೌಕರನೊಬ್ಬ ಟಿವಿಯಲ್ಲಿ ಗಾಂಧಿ ಪಾತ್ರ ಮಾಡುತ್ತಾನೆ, ಆ ಪಾತ್ರ ಅವನ ಬದುಕಿನೊಳಗೆ ಬರುತ್ತದೆ. ಶಿಕಾರಿಪುರ ಕೃಷ್ಣಮೂರ್ತಿ ಅವರ ನಟನೆ ಅದ್ಭುತ. ಆದರೆ ಇಲ್ಲಿ ವಿಚಾರ ಮೊದಲು ಬಂದು ಮನುಷ್ಯರು ಆಮೇಲೆ ಬಂದಂತೆ ಅನ್ನಿಸುತ್ತದೆ. ಗಾಂಧಿಗೂ ಇವತ್ತಿನ ಕಾಲಕ್ಕೂ ಇರುವ ಅಂತರವನ್ನು ಪಾತ್ರಗಳು ಬಾಯಿಬಿಟ್ಟು ಹೇಳುತ್ತವೆ. ಗುಲಾಬಿಯ ಹೊಸಿಲ ಹೊರಗೆ ನಿಂತ ಹೆಂಗಸರು ಏನೂ ಹೇಳದೆ ತೋರಿಸಿದ್ದನ್ನು ಇಲ್ಲಿ ಮಾತು ಹೊರುತ್ತದೆ. ಕಥೆಯನ್ನು ಸರಿಸಿ ಹೊಸ ಪ್ರಶ್ನೆ ಹುಡುಕುವ ಕ್ರಮ ಫಲ ಕೊಡುವುದು ಆ ಪ್ರಶ್ನೆ ಒಂದು ವಸ್ತುವಿನಲ್ಲೋ ಜಾಗದಲ್ಲೋ ಕೂತಾಗ. ಫೈಲು, ಟಿವಿ, ಹೊಸಿಲು, ಹಿನ್ನೀರು ಹಾಗೆ ಕೂತವು. ಮಹಾತ್ಮನ ಮುಖ ಹಾಗೆ ಕೂರಲಿಲ್ಲ.

ತ್ರುಫೋ ಎತ್ತಿದ ಆಕ್ಷೇಪಕ್ಕೆ ಕನ್ನಡದಲ್ಲಿ ಸಿಕ್ಕ ಉತ್ತರ ಇದು ಅಂತ ನನಗೆ ಅನ್ನಿಸುತ್ತದೆ. ಅವರು ಬೈದದ್ದು ಪುಸ್ತಕವನ್ನು ಪೂಜೆ ಮಾಡುವ ಸಿನಿಮಾಗಳನ್ನು. ಕಾಸರವಳ್ಳಿ ಪುಸ್ತಕವನ್ನು ಓದುತ್ತಾರೆ, ಅದರ ಜೊತೆ ಮಾತಾಡುತ್ತಾರೆ, ಬೇಕಾದಲ್ಲಿ ಎದುರಾಡುತ್ತಾರೆ. ಕನ್ನಡ ಸಾಹಿತ್ಯದ ಅರ್ಧ ಶತಮಾನವನ್ನು ಒಬ್ಬ ಓದುಗ ಹೇಗೆ ಓದಿದ ಅನ್ನೋದು ಈ ಚಿತ್ರಗಳಲ್ಲಿ ದಾಖಲಾಗಿದೆ. ಕಥೆಯನ್ನು ಓದಿ, ಸಿನಿಮಾ ನೋಡಿ, ಏನು ಬದಲಾಯಿತು ಅಂತ ಹುಡುಕುವುದು ನಮ್ಮ ಪಿಯುಸಿ, ಪದವಿ ತರಗತಿಗಳಲ್ಲಿ ಎಂಥ ಒಳ್ಳೆಯ ಪಾಠವಾಗಬಹುದು! ತೇಜಸ್ವಿ, ವೈದೇಹಿ ಹೇಗೂ ತರಗತಿಯಲ್ಲಿ ಇದ್ದೇ ಇರುತ್ತಾರೆ.

ಅದಕ್ಕೆ ಮೊದಲು ಚಿತ್ರಗಳು ನೋಡುವ ಸ್ಥಿತಿಯಲ್ಲಿ ಸಿಗಬೇಕು. 'ಘಟಶ್ರಾದ್ಧ'ಕ್ಕೆ ಅದೃಷ್ಟವಿತ್ತು. ಹೊರಗಿನ ಸಂಸ್ಥೆಗಳು ಬಂದವು, ಹಾಬ್ಸನ್ ಲೂಕಸ್ ಫ್ಯಾಮಿಲಿ ಫೌಂಡೇಶನ್ ಹಣ ಕೊಟ್ಟಿತು. ಉಳಿದವುಗಳ ಗತಿ ಏನು? ಬಣ್ಣದ ಫಿಲ್ಮ್ ಕಪ್ಪು ಬಿಳುಪಿಗಿಂತ ಬೇಗ ಮಾಸುತ್ತದೆ, ಅದರ ಬಣ್ಣಗಳು ವರ್ಷ ಕಳೆದಂತೆ ಇಳಿಯುತ್ತವೆ. ಹಾಗಾಗಿ ಹಳೆಯ ಚಿತ್ರ ಮೊದಲು, ಹೊಸದು ಆಮೇಲೆ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1986ರ 'ತಬರನ ಕಥೆ' ಈಗಲೇ ಕೈಗೆತ್ತಿಕೊಳ್ಳಬೇಕಾದ ಚಿತ್ರ. ಅದರ ಜೊತೆಗೆ 'ಮನೆ'. ಆ ಚಿತ್ರದಲ್ಲಿ ಶಬ್ದವೇ ಮುಖ್ಯ ಪಾತ್ರ. ಸವೆದ ಪ್ರತಿಯ ಗರಗರ ಸದ್ದಿನಲ್ಲಿ ಶೆಡ್ಡಿನ ಸದ್ದು ಯಾವುದು, ಫಿಲ್ಮಿನ ಸದ್ದು ಯಾವುದು ಅಂತ ಗೊತ್ತಾಗದಿದ್ದರೆ ಆ ಸಿನಿಮಾ ಅರ್ಧ ಹೋದ ಹಾಗೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ಈ ಎರಡನ್ನು ವಹಿಸಿಕೊಂಡು, ಕನ್ನಡ ಮತ್ತು ಇಂಗ್ಲಿಷ್ ಸಬ್‌ಟೈಟಲ್ ಹಾಕಿಸಿ, ಮೊದಲ ಪ್ರದರ್ಶನವನ್ನು ತೀರ್ಥಹಳ್ಳಿ, ಸಾಗರ, ಕುಂದಾಪುರದಂಥ ಊರುಗಳಲ್ಲಿ ಇಡಬೇಕು ಅನ್ನೋದು ನನ್ನ ಒತ್ತಾಯ.